ಡಬ್ಬಿಗೆ ಬೆರೆಸಿದ ನೀರು

ಗಂಟಲಿನ ಉಬ್ಬಿನ ಮೇಲೆ ಕ್ಷೌರದ ಕತ್ತಿ ಬಂದು ನಿಂತಾಗ ಹೇಳಿಬಿಡಬೇಕು ಎಂದು ಫೋಲ್ಕೆಗೆ ಅನ್ನಿಸಿತು. ಕತ್ತಿ ಅಲ್ಲಿ ನಿಂತಿದೆ ಎಂಬ ನೆಪಕ್ಕೇ ಹೇಳದೆ ಉಳಿದ. ರುತ್ ಅವನ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಅಡಿಗೆಮನೆಯ ಕಿಟಕಿಯ ಬೆಳಕಿಗೆ ತಿರುಗಿಸಿದಳು. "ಅಲ್ಲಾಡ್ಬೇಡ. ಕೊಯ್ದುಹೋದ್ರೆ ಡಾಕ್ಟ್ರಮ್ಮನ ಮುಂದೆ ನನ್ನ ಹೆಸರು ಹೇಳ್ತೀಯ," ಅಂದಳು. ಹೆಂಡತಿಯ ಕೈಯಲ್ಲಿ ಗಡ್ಡ ಮಾಡಿಸಿಕೊಳ್ಳುವುದು ಶುರುವಾಗಿ ಐದು ತಿಂಗಳಾಗಿತ್ತು. ಆರು ವಾರಕ್ಕೊಮ್ಮೆ ನಾಲ್ಕು ದಿನ ಎರಡು ಬಗೆಯ ಮಾತ್ರೆ. ಅದಾದ ಮೇಲೆ ಎಷ್ಟೋ ದಿನ ಮುಖ ಊದಿಕೊಂಡು, ಕೈ ನಡುಗಿ, ಚಮಚದಲ್ಲಿದ್ದ ಸಾರು ಬಾಯಿಗೆ ಬರುವಷ್ಟರಲ್ಲಿ ಅರ್ಧವಾಗಿರುತ್ತಿತ್ತು. ನಡುಕ ಮಾತ್ರೆಯಿಂದಲೋ ವಯಸ್ಸಿನಿಂದಲೋ ಎಂದು ಡಾಕ್ಟರು ಒಡೆದು ಹೇಳಿರಲಿಲ್ಲ. ಮಾತ್ರೆಯಿಂದಲೇ ಎಂದು ಫೋಲ್ಕೆ ತೀರ್ಮಾನ ಮಾಡಿಕೊಂಡಿದ್ದ. ನಲವತ್ತಾರು ವರ್ಷ ಆಲ್ಡರ್ ಮರದಲ್ಲಿ ಮೆಟ್ಟಿನ ಅಡಿ ಕೊರೆದ ಕೈ. ಗೀಟು ಹಾಕದೆ ಕೊರೆದರೂ ಕೂದಲೆಳೆ ಆಚೀಚೆ ಹೋಗದ ಕೈ. ಈ ಸಲದ ಪರೀಕ್ಷೆಯ ಲೆಕ್ಕ ಅರ್ಧಕ್ಕೆ ಇಳಿದಿದ್ದರೆ ಮಾತ್ರೆ ನಿಲ್ಲಿಸೋಣ ಎಂದು ಡಾಕ್ಟರ್ ಎಲ್ವಿಂಗ್ ಹೋದ ತಿಂಗಳು ಹೇಳಿದ್ದಳು. ಆ ಲೆಕ್ಕ ಇವತ್ತು ಗೊತ್ತಾಗುವುದಿತ್ತು. ರುತ್ ಬಟ್ಟೆಯಲ್ಲಿ ಅವನ ಕಿವಿಯ ಹಿಂದಿನ ನೊರೆ ಒರೆಸಿದಳು, ಮಗುವಿಗೆ ಒರೆಸಿದ ಹಾಗೆ. "ಈಗ ಪಾದ್ರಿ ಥರ ಕಾಣ್ತೀಯ. ಪಾಪ ಮಾಡಿರೋ ಪಾದ್ರಿ," ಅಂದಳು. ಅವಳು ದಿನಾ ಇಂಥದೇನಾದರೂ ಅನ್ನುವವಳೇ. ಆದರೂ ಅವನು ಕನ್ನಡಿ ನೋಡದೆ ಎದ್ದ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಬೀಟ್ ಗಡ್ಡೆಯ ಹೊಲಗಳು ಉತ್ತು ಹಾಕಿದ ಹಾಗೇ ಕಪ್ಪಗೆ ಬಿದ್ದಿದ್ದವು. ಚರ್ಚಿನ ಸುತ್ತಿನ ಮರಗಳಲ್ಲಿ ಕಾಗೆಗಳು ಗೂಡಿಗಾಗಿ ಕಚ್ಚಾಡುತ್ತಿದ್ದವು. ಆ ಚರ್ಚಿನ ಪಕ್ಕದ ಸಭಾಮನೆ ಬರುವ ಮೊದಲೇ ಫೋಲ್ಕೆ ಮುಖ ಈಚೆ ತಿರುಗಿಸಿಕೊಂಡ. ಹನ್ನೆರಡು ದಿನದ ಹಿಂದೆ, ಗುರುವಾರ, ಅದೇ ಸಭಾಮನೆಯಲ್ಲಿ, ಒಂದು ಕಾಲಕ್ಕೆ ಜೊತೆಯಲ್ಲಿ ಕೆಲಸ ಮಾಡಿದ್ದ ಟೂರೆಯ ಶವಸಂಸ್ಕಾರ ಮುಗಿದ ಮೇಲಿನ ಕಾಫಿ ಕೂಟ. ಅದೇ ಗುರುವಾರವೇ ಅವನ ಡಬ್ಬಿಯ ದಿನವೂ ಆಗಿತ್ತು. ತಿಂಗಳಿಗೊಂದು ಡಬ್ಬಿಯ ದಿನ: ಬೆಳಿಗ್ಗೆ ಎದ್ದು ಮೊದಲ ಸಲದ್ದನ್ನು ಚೆಲ್ಲಬೇಕು, ಅಲ್ಲಿಂದ ಮಾರನೆಯ ಬೆಳಿಗ್ಗೆಯವರೆಗೆ ಹೊಯ್ದ ಮೂತ್ರವನ್ನೆಲ್ಲ, ಒಂದು ಹನಿಯೂ ಬಿಡದೆ, ಆಸ್ಪತ್ರೆಯವರು ಕೊಟ್ಟ ಕಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಬೇಕು. ಡಬ್ಬಿಯ ಮೇಲೆ ರುತ್ ದುಂಡಗಿನ ಅಕ್ಷರದಲ್ಲಿ ಅವನ ಹೆಸರು ಬರೆದು ಅಂಟಿಸಿ, ನೆಲಮಾಳಿಗೆಯಲ್ಲಿ ಆಲೂಗಡ್ಡೆಯ ಪೆಟ್ಟಿಗೆಯ ಪಕ್ಕ ತಂಪಿನಲ್ಲಿ ಇಡುತ್ತಿದ್ದಳು. ಪ್ರತಿ ಸಲವೂ ಅದು ಎರಡು ಲೀಟರಿನ ಗೆರೆಯ ಹತ್ತಿರಕ್ಕೆ ಬರುತ್ತಿತ್ತು. ಅಷ್ಟು ಬಂದರೆ ಅವನಿಗೆ ಒಂದು ಸಮಾಧಾನ, ಆ ದಿನದ ಕೂಲಿಯ ಕೆಲಸ ಮುಗಿಸಿ ಒಪ್ಪಿಸಿದ ಹಾಗೆ.

ಡಬ್ಬಿಯ ದಿನವನ್ನು ಶುಕ್ರವಾರಕ್ಕೆ ಹಾಕೋಣ ಎಂದು ಅವನೇ ಹೇಳಬಹುದಿತ್ತು. ಹೇಳಲಿಲ್ಲ. ರುತ್‌ಗೆ ಮೊಣಕಾಲು ಊದಿಕೊಂಡಿತ್ತು, ಅವಳು ಸಂಸ್ಕಾರಕ್ಕೆ ಬರುವ ಹಾಗಿರಲಿಲ್ಲ. ಆದರೆ ಒಂದು ಖಾಲಿ ಶರಬತ್ತಿನ ಶೀಸೆ ತೊಳೆದು, ಬಿರಡೆ ಹಾಕಿ, ಅವನ ಕಪ್ಪು ಕೋಟಿನ ಒಳಜೇಬಿಗೆ ತುರುಕಿ, ಕಾಫಿ ಕುಡಿದರೆ ಇದರಲ್ಲೇ ಮಾಡಿ ತಗೊಂಡು ಬಾ ಎಂದು ಕಳಿಸಿದ್ದಳು. ಸಭಾಮನೆಯ ಬಾಗಿಲಲ್ಲಿ ಟೂರೆಯ ಮಗಳು ಗುನ್ನೆಲ್ ಎಲ್ಲರ ಕೋಟು ಇಸಿದುಕೊಳ್ಳುತ್ತ ನಿಂತಿದ್ದಳು. ಅವನ ಕೋಟನ್ನೂ ಇಸಿದುಕೊಂಡು, ತೋಳಿನ ಮೇಲೆ ಹೊರೆ ಮಾಡಿಕೊಂಡು, ಒಳಕೋಣೆಗೆ ಒಯ್ದಳು. ಆ ಕೋಣೆಯಲ್ಲಿ ಟೂರೆಯ ತಂಗಿಯಂದಿರು ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಹೋಗಿ, ಕೋಟಿನ ರಾಶಿ ಕೆದಕಿ, ಶೀಸೆ ತೆಗೆದು, ಅವರೆಲ್ಲರ ಮುಂದೆ ಅದನ್ನು ಹಿಡಿದುಕೊಂಡು ಪಾಯಿಖಾನೆಗೆ ನಡೆಯುವುದು ಅವನಿಂದ ಆಗುವ ಮಾತಾಗಿರಲಿಲ್ಲ. ಮೊದಲ ಸಲ ಹೋದಾಗ, ಒಂದೇ ಸಲ ತಾನೆ, ಅಂದುಕೊಂಡ. ಎರಡನೆಯ ಸಲ ಏನೂ ಅಂದುಕೊಳ್ಳಲಿಲ್ಲ. ಮೂರನೆಯ ಸಲ ಪಾಯಿಖಾನೆಯ ಕನ್ನಡಿಯಲ್ಲಿ ತನ್ನ ಊದಿದ ಮುಖ ನೋಡಿ, ಈ ಮನುಷ್ಯ ಯಾರು ಎಂದು ಒಂದು ಗಳಿಗೆ ನಿಂತ.

ಮೇಜಿಗೆ ವಾಪಸು ಬಂದಾಗ ಗುನ್ನೆಲ್ ಅವನ ಪಕ್ಕದ ಕುರ್ಚಿಗೆ ಬಂದು ಕೂತಿದ್ದಳು. ಸೀಗಡಿ, ಮೊಟ್ಟೆ ಜೋಡಿಸಿದ ದೊಡ್ಡ ರೊಟ್ಟಿ ಕೇಕಿನ ಒಂದು ತುಂಡನ್ನು ಅವನ ತಟ್ಟೆಗೆ ಹಾಕುತ್ತ ಅಂದಳು: "ಅಪ್ಪ ನಿಮ್ಮ ವಿಷಯ ತುಂಬ ಹೇಳೋರು, ಫೋಲ್ಕೆ. ಅವನ ಕೈ ತಪ್ಪಿದ್ದು ನಾನು ಕಂಡೇ ಇಲ್ಲ ಅನ್ನೋರು." ಹಾಗೆ ಹೇಳುವಾಗ ಟೂರೆ ನಗುತ್ತಿದ್ದನೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅವನ ಕೈ ತಪ್ಪಿದ್ದನ್ನು ಕಂಡಿದ್ದವನು ಇಡೀ ಮೆಟ್ಟಿನ ಕಾರ್ಖಾನೆಯಲ್ಲಿ ಟೂರೆ ಒಬ್ಬನೇ. ಮೂವತ್ತೆಂಟನೇ ಇಸವಿ. ಅಡಿ ಕೊರೆಯುವ ಯಂತ್ರ ಹೊಸದಾಗಿ ಬಂದಿತ್ತು. ಅದರ ಒಂದು ಮಗ್ಗುಲಿಗೆ ಕಬ್ಬಿಣದ ಅಚ್ಚುಪಾದ ಸಿಕ್ಕಿಸಬೇಕು. ಅಚ್ಚನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ಯಂತ್ರ ಇನ್ನೊಂದು ಮಗ್ಗುಲಲ್ಲಿ ಅದೇ ಆಕಾರ ಮರದಲ್ಲಿ ಕೊರೆಯುತ್ತದೆ. ಬೆಳಿಗ್ಗೆ ಎಡಗಾಲು, ಕಾಫಿಯ ನಂತರ ಅಚ್ಚು ಬದಲಿಸಿ ಬಲಗಾಲು. ಅವತ್ತು ಫೋಲ್ಕೆ ಹೊರಗಿನ ಜೇನುಗೂಡಿನ ಹತ್ತಿರ ನಿಂತು, ಹೊಸದಾಗಿ ಕೆಲಸಕ್ಕೆ ಸೇರಿದ್ದ ರುತ್ ಎಂಬ ಹುಡುಗಿಯ ಜೊತೆ ಮಾತಾಡಿ ಬಂದು, ಬಂದ ಖುಷಿಯಲ್ಲಿ ಅಚ್ಚು ಬದಲಿಸುವುದನ್ನೇ ಮರೆತ. ಮಧ್ಯಾಹ್ನವಿಡೀ ಎಡಗಾಲು. ಒಂದೊಂದೂ ಅಚ್ಚುಕಟ್ಟು, ಒಂದರ ಮೇಲೊಂದು ಇಟ್ಟರೆ ಬೆಳಕು ತೂರದ ಹಾಗೆ. ಇನ್ನೂರು ಎಡಗಾಲು. ಮಾರನೆಯ ದಿನ ಮೇಸ್ತ್ರಿ ಆ ರಾಶಿಯ ಮುಂದೆ ನಿಂತು, ಅಚ್ಚು ಬದಲಿಸುವ ಕೆಲಸ ಯಾರದು ಎಂದು ಕೇಳಿದ. ಹೆಸರಿಗೆ ಅದು ಟೂರೆಯದು. ಟೂರೆ ಬದಲಿಸಲು ಬಂದಾಗ ಫೋಲ್ಕೆಯೇ, ನಾನು ಮಾಡ್ಕೋತೀನಿ ಹೋಗು, ಎಂದು ಕಳಿಸಿದ್ದ. ಟೂರೆ ಫೋಲ್ಕೆಯ ಮುಖ ನೋಡಿದ. ಫೋಲ್ಕೆ ಯಂತ್ರಕ್ಕೆ ಎಣ್ಣೆ ಬಿಡತೊಡಗಿದ. ಟೂರೆಯನ್ನು ಮರ ಒಣಗಿಸುವ ಕೊಟ್ಟಿಗೆಗೆ ಹಾಕಿದರು. ಒಂಬತ್ತು ವರ್ಷ ಅವನು ಅಲ್ಲಿ ಹಲಗೆ ಪೇರಿಸಿದ. ಆಮೇಲೆ ಬೇರೆ ಊರಲ್ಲಿ ಕೆಲಸ ಹಿಡಿದ. ಸಿಕ್ಕಾಗಲೆಲ್ಲ ಹವೆಯ ಮಾತು, ಮೀನಿನ ಮಾತು. ಆ ಮಾತು ಒಂದು ಸಲವೂ ಬರಲಿಲ್ಲ. ಅವನ ಕೈ ತಪ್ಪಿದ್ದು ನಾನು ಕಂಡೇ ಇಲ್ಲ. ಫೋಲ್ಕೆ ಸೀಗಡಿಯನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತ, ನಿಮ್ಮಪ್ಪ ಒಳ್ಳೇ ಮನುಷ್ಯ, ಅಂದ. ಅದು ನಿಜವೇ ಆಗಿದ್ದರೂ ಬಾಯಲ್ಲಿ ಸುಳ್ಳಿನ ರುಚಿ ಬಂತು.

ಶುಕ್ರವಾರ ಬೆಳಿಗ್ಗೆ ಕೊನೆಯದನ್ನು ಹೊಯ್ದು ಡಬ್ಬಿಯನ್ನು ಬೆಳಕಿಗೆ ಹಿಡಿದಾಗ ಅದು ಒಂದು ಲೀಟರಿನ ಗೆರೆಯಲ್ಲೇ ನಿಂತಿತ್ತು. ಇಷ್ಟು ಕಡಿಮೆ ಒಪ್ಪಿಸಿದರೆ ಪ್ರಯೋಗಾಲಯದವರು ಏನು ಅಂದುಕೊಂಡಾರು? ಅಳತೆಗೆ ಕಮ್ಮಿ ಬಿದ್ದ ಮಾಲನ್ನು ಜನ್ಮದಲ್ಲಿ ಒಪ್ಪಿಸಿದವನಲ್ಲ. ಶೀಸೆ ಕೋಟಿನಲ್ಲಿ ಖಾಲಿಯಾಗಿ ಉಳಿದಿದ್ದನ್ನು ರುತ್‌ಗೆ ಹೇಳಬೇಕಾಗುತ್ತದೆ, ಅವಳು ಯಾಕೆ ಎನ್ನುತ್ತಾಳೆ, ನಾಚಿಕೆಯಾಯಿತು ಎನ್ನಬೇಕು, ಎಪ್ಪತ್ತನಾಲ್ಕು ವರ್ಷಕ್ಕೆ ಯಾರಿಗೆ ನಾಚಿಕೆ ಎನ್ನುತ್ತಾಳೆ. ಅವನು ನೆಲಮಾಳಿಗೆಯ ನಲ್ಲಿ ತಿರುಗಿಸಿದ. ನಡುಗುವ ಕೈಯಲ್ಲೇ, ಎರಡು ಲೀಟರಿನ ಗೆರೆಗೆ ಸರಿಯಾಗಿ, ಕೂದಲೆಳೆ ಆಚೀಚೆ ಹೋಗದ ಹಾಗೆ ನೀರು ಬಿಟ್ಟು, ಬಿರಡೆ ಬಿಗಿದು, ಅಲ್ಲಾಡಿಸಿದ. ಎಷ್ಟು ಹೊಯ್ದೆ ಎನ್ನುವುದೇ ಅವರಿಗೆ ಬೇಕಾದ ಲೆಕ್ಕ ಎಂದು ಆಗ ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಅಥವಾ ಹಾಗೆ ನಂಬಿದ್ದೆ ಎಂದು ಈಗ ಬಸ್ಸಿನಲ್ಲಿ ಕೂತು ನಂಬುತ್ತಿದ್ದ. "ಏನು ಗೊಣಗ್ತಿದೀಯ?" ಅಂದಳು ರುತ್. ಏನಿಲ್ಲ, ಅಂದ.

ಡಾಕ್ಟರ್ ಎಲ್ವಿಂಗ್‌ಗೆ ಮೊಮ್ಮಗಳ ವಯಸ್ಸು. ಹಿಂದಿನ ಕಾಲದಲ್ಲಿ ಡಾಕ್ಟರ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು, ಈಗ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವ ಕಾಲ. ಆದರೂ ಫೋಲ್ಕೆ ಟೋಪಿಯನ್ನು ಕೈಯಲ್ಲೇ ಹಿಡಿದಿದ್ದ. ಅವಳು ಬಾಗಿಲಿಗೇ ಬಂದು ಕೈ ಕುಲುಕಿದಳು. ಅವಳ ಕಣ್ಣಲ್ಲಿ ಏನೋ ಕುಣಿಯುತ್ತಿತ್ತು. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕಾಗದವನ್ನು ಅವನ ಕಡೆ ತಿರುಗಿಸಿ ಬೆರಳಿಟ್ಟಳು. ದಿನಕ್ಕೆ ಶರತ್ಕಾಲದಲ್ಲಿ ಎಂಟು ಗ್ರಾಂ, ಹೊಸ ವರ್ಷದಲ್ಲಿ ಆರು. "ಈಗ ಎರಡೂ ಮುಕ್ಕಾಲು, ಫೋಲ್ಕೆ. ಅರ್ಧಕ್ಕಿಂತ ಕೆಳಗೆ. ನಾನು ಇಷ್ಟು ಅಂದುಕೊಂಡೇ ಇರಲಿಲ್ಲ."

ಏನು ಎರಡೂ ಮುಕ್ಕಾಲು ಎಂದು ಅವನು ಕೇಳಿದ. ತನ್ನ ದನಿ ದೂರದಿಂದ ಬಂದ ಹಾಗೆ ಕೇಳಿಸಿತು. ಶರತ್ಕಾಲದಲ್ಲೂ ಅವಳು ಹೇಳಿದ್ದಳು, ಆಗ ಕ್ಯಾನ್ಸರ್ ಎಂಬ ಒಂದು ಮಾತಿನಾಚೆ ಅವನ ಕಿವಿಗೆ ಏನೂ ಬಿದ್ದಿರಲಿಲ್ಲ. ಈಗ ಅವಳು ಖುಷಿಯಲ್ಲಿದ್ದಳು, ನಿಧಾನವಾಗಿ ಮತ್ತೆ ಹೇಳಿದಳು. ಮೂಳೆಯ ಮಜ್ಜೆಯಲ್ಲಿ, ನೆತ್ತರಿನಲ್ಲಿ ಬಗೆಬಗೆಯ ಬಿಳಿಯ ಕಣಗಳಿವೆ. ಅವುಗಳಲ್ಲಿ ಒಂದು ಜಾತಿಯದು ಪ್ರತಿಕಾಯ ಮಾಡುವ ಕಸುಬಿನದು. ಹೊರಗಿನ ರೋಗಾಣು ಬಂದರೆ, ಅದಕ್ಕೆ ಹೊಂದುವಂಥ ಪ್ರತಿಕಾಯದ ಆಕಾರ ಗೊತ್ತಿರುವ ಕಣ ಎಚ್ಚೆತ್ತು, ಒಂದು ನೂರಾಗಿ, ನೂರು ಸಾವಿರವಾಗಿ, ಆ ಒಂದೇ ಆಕಾರವನ್ನು ಮಾಡಿ ಮಾಡಿ ನೆತ್ತರಿಗೆ ಬಿಡುತ್ತವೆ. ರೋಗ ಹೋದ ಮೇಲೆ ಕೆಲಸ ನಿಲ್ಲಿಸಿ ಹೆಚ್ಚಿನವು ಸಾಯುತ್ತವೆ. ಅವನ ಮಜ್ಜೆಯಲ್ಲಿ ಅಂಥ ಒಂದು ಕಣಕ್ಕೆ ನಿಲ್ಲಿಸುವುದು ಮರೆತುಹೋಗಿದೆ. ಅದರ ಮಕ್ಕಳಿಗೂ ಮರೆತುಹೋಗಿದೆ. "ಕ್ಯಾನ್ಸರ್ ಆಯ್ತು ಅಂತ ಅವು ಕಸುಬು ಬಿಟ್ಟಿಲ್ಲ ನೋಡಿ. ಹಗಲು ರಾತ್ರಿ ಮಾಡ್ತಾನೇ ಇವೆ, ಹೊರಗೆ ಸುರೀತಾನೇ ಇವೆ. ಯಾರೂ ಕೇಳದೆ ಇರೋ ಮಾಲು," ಅಂದಳು. ನಿಮ್ಮಲ್ಲಿ ಪೂರ್ತಿ ಪ್ರತಿಕಾಯದ ಜೊತೆಗೆ, ಜೋಡಿ ಸಿಗದ ಬಿಡಿ ತುಂಡುಗಳು ರಾಶಿ ರಾಶಿ ಹೊರಬೀಳುತ್ತಿವೆ, ಸಣ್ಣವಾದ್ದರಿಂದ ಅವು ಮೂತ್ರಪಿಂಡ ದಾಟಿ ಡಬ್ಬಿಗೆ ಬರುತ್ತವೆ, ದಾಟುವಾಗ ಅಲ್ಲಲ್ಲೇ ಕಟ್ಟಿಕೊಂಡು ಮೂತ್ರಪಿಂಡವನ್ನು ಕೆಡಿಸುತ್ತವೆ; ಅದಕ್ಕೇ ನಾವು ಡಬ್ಬಿಯಲ್ಲಿ ಎಷ್ಟು ಮೂತ್ರವಿದೆ ಎನ್ನುವುದರ ಜೊತೆಗೆ ಅದರಲ್ಲಿ ಈ ತುಂಡು ಎಷ್ಟು ಕರಗಿದೆ ಎಂದು ಅಳೆಯುವುದು, ಎಂದು ವಿವರಿಸಿದಳು.

ಜೋಡಿ ಸಿಗದ ಬಿಡಿ ತುಂಡು. ಫೋಲ್ಕೆಯ ಮನಸ್ಸಿನಲ್ಲಿ ರಾಶಿ ಎದ್ದು ನಿಂತಿತು, ಹಸಿ ಆಲ್ಡರಿನ ಕಿತ್ತಳೆ ಬಣ್ಣದ್ದು, ಒಂದರ ಮೇಲೊಂದು ಇಟ್ಟರೆ ಬೆಳಕು ತೂರದ್ದು. ತನ್ನ ಎಲುಬಿನೊಳಗೆ ಯಾರೋ ಇಪ್ಪತ್ತೈದರ ಹುಡುಗ, ಜೇನುಗೂಡಿನ ಹತ್ತಿರದಿಂದ ಆಗ ತಾನೇ ಬಂದವನು, ಸಿಳ್ಳೆ ಹಾಕುತ್ತ ಕೊರೆಯುತ್ತಲೇ ಇದ್ದಾನೆ. ಅವನ ಮೇಲೆ ಸಿಟ್ಟು ಬರಲಿಲ್ಲ. ಆದರೆ ಡಬ್ಬಿಯ ಅರ್ಧ ಸಭಾಮನೆಯ ಚರಂಡಿಯಲ್ಲಿ ಹೋಯಿತು, ಉಳಿದರ್ಧಕ್ಕೆ ನಲ್ಲಿಯ ನೀರು ಬಿತ್ತು, ಈ ಹುಡುಗಿ ಅದನ್ನು ನೋಡಿ ಕುಣಿಯುತ್ತಿದ್ದಾಳೆ ಎನ್ನುವುದು ಅವನಿಗೆ ಒಂದೊಂದೇ ಅಕ್ಷರವಾಗಿ ಗೊತ್ತಾಯಿತು. ಅವಳು ಹೇಳುತ್ತಲೇ ಇದ್ದಳು: ಮಾತ್ರೆ ನಿಲ್ಲಿಸೋಣ, ಮೂರು ತಿಂಗಳು ಬಿಟ್ಟು ನೋಡೋಣ, ಬೇಸಿಗೆಯಿಡೀ ನಿಮ್ಮದೇ. ನಿಮ್ಮ ಕೈಯೂ ಸುಧಾರಿಸಬಹುದು. ಬಾಯಿ ತೆರೆಯಲು ಅದೇ ಸಮಯ. ಅವನು ಬಾಯಿ ತೆರೆದ. "ಥ್ಯಾಂಕ್ಸ್," ಅಂದ.

ಹೊರಗೆ ಬೆಂಚಿನ ಮೇಲೆ ರುತ್ ಹೆಣಿಗೆ ಹಿಡಿದು ಕೂತಿದ್ದಳು. ಡಾಕ್ಟರೇ ಬಾಗಿಲಲ್ಲಿ ನಿಂತು ಅವಳಿಗೆ ಹೇಳಿದಳು. ರುತ್ ಹೆಣಿಗೆಯನ್ನು ಮಡಿಸಿ ಚೀಲಕ್ಕಿಟ್ಟಳು, ಕಡ್ಡಿಗಳನ್ನು ಸರಿಪಡಿಸಿದಳು, ಮತ್ತೆ ಹೊರಗೆ ತೆಗೆದಳು, ಮತ್ತೆ ಇಟ್ಟಳು. ಅವಳು ಅಳುವವಳಲ್ಲ. ಕೆಳಗಿನ ಕಾಫಿ ಅಂಗಡಿಗೆ ಅವಳೇ ಎಳೆದುಕೊಂಡು ಹೋಗಿ, ಹೊರಗಿನ ಕೇಕು ಮುಟ್ಟದವಳು, ಹಸಿರು ಹೊದಿಕೆಯ ಕೇಕಿನ ಎರಡು ತುಂಡು ತಂದಳು. ಜೂನಿನಲ್ಲಿ ಅವನು ತಂಗಿಯ ಮೊಮ್ಮಗಳಿಗೆ ಒಂದು ಜೊತೆ ಮೆಟ್ಟು ಮಾಡಿಕೊಡಬಹುದು, ತಾನು ಇನ್ನು ಕ್ಷೌರದ ಕೆಲಸ ಬಿಡುತ್ತೇನೆ, ಇಷ್ಟು ದಿನ ಒಂದು ಕಾಫಿಯನ್ನೂ ಅವನು ಕೊಡಿಸಿಲ್ಲ ಎಂದೆಲ್ಲ ಹೇಳಿದಳು. ಅವಳ ತುಟಿಯ ಮೇಲೆ ಕೆನೆ ಹತ್ತಿತ್ತು. ಅವಳನ್ನು ಹೀಗೆ ನೋಡಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋಗಿ ಫೋಲ್ಕೆಗೆ ಅದು ಮೂವತ್ತೆಂಟರವರೆಗೂ ಹೋಯಿತು. ಇದನ್ನು ಹೀಗೇ ಬಿಟ್ಟರೆ ಏನಾಗುತ್ತದೆ? ಮೂರು ತಿಂಗಳು. ಎಪ್ಪತ್ತನಾಲ್ಕರ ಮುದುಕನಿಗೆ ಮೂರು ತಿಂಗಳ ಖುಷಿ ಕಡಿಮೆಯದೇ? ಆಮೇಲೆ ಮೂತ್ರಪಿಂಡ ಕೆಟ್ಟರೆ ಕಾಯಿಲೆಯ ಮೇಲೆ ಹಾಕಿದರಾಯಿತು. ಕಾಯಿಲೆ ಎದುರು ಮಾತಾಡುವುದಿಲ್ಲ. ಟೂರೆಯೂ ಆಡಿರಲಿಲ್ಲ. ತಪ್ಪು ಹೊರಲು ಯಾವಾಗಲೂ ಒಬ್ಬ ಮಾತಾಡದವನು ಸಿಗುತ್ತಾನೆ. ಈ ಸಲ ಅದು ತನ್ನದೇ ಮೂತ್ರಪಿಂಡ, ಇವಳದೇ ಗಂಡ.

ಬಸ್ ನಿಲ್ದಾಣದವರೆಗೂ ಬಂದರು. ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಒಂದು ಗಳಿಗೆ ಒಳಗೆ ಹೋಗಿ ಬರುತ್ತೇನೆ ಎಂದು ಫೋಲ್ಕೆ ಹೇಳಿದ. "ಇನ್ನು ಡಬ್ಬಿ ಇಲ್ಲ, ಇಲ್ಲೇ ಪೊದೆ ಹಿಂದೆ ಹೋಗು," ಅಂದಳು ರುತ್. ಅವನು ನಗಲಿಲ್ಲ. ನಡೆದ. ಡಾಕ್ಟರ ಕೋಣೆಯ ಮುಂದೆ ಆಗಲೇ ಬೇರೆ ಯಾರೋ ಕೂತಿದ್ದರು. ಅವನ ಕಾಲು ಅಲ್ಲಿ ನಿಲ್ಲದೆ ಮೆಟ್ಟಿಲು ಇಳಿದು ಪ್ರಯೋಗಾಲಯದ ಕಿಂಡಿಯ ಮುಂದೆ ಹೋಗಿ ನಿಂತಿತು. ತಿಂಗಳಿಗೊಮ್ಮೆ ಅವನು ಡಬ್ಬಿ ಒಪ್ಪಿಸುತ್ತಿದ್ದ ಕಿಂಡಿ ಅದು. ಅಲ್ಲಿದ್ದವಳು ಮೈ-ಬ್ರಿಟ್, ಐವತ್ತರ ದಪ್ಪ ಹೆಂಗಸು, ತೋಳು ಮಡಚಿದ ಬಿಳಿ ನಿಲುವಂಗಿ. ಡಬ್ಬಿ ಇಲ್ಲದೆ ಬಂದವನನ್ನು ನೋಡಿ, ಏನು ಬಿಟ್ಟು ಹೋದಿರಿ ಎಂದು ಕೇಳಿದಳು.

"ಮೂವತ್ತೆಂಟರಲ್ಲಿ ನಾನು ಇನ್ನೂರು ಎಡಗಾಲು ಕೊರೆದೆ," ಅಂದ ಫೋಲ್ಕೆ. "ನಾನೇ. ಟೂರೆ ಅಲ್ಲ."

ಮೈ-ಬ್ರಿಟ್ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು. ಅವನಿಗೂ ಅಚ್ಚರಿಯಾಗಿತ್ತು; ಹೇಳಲು ಬಂದದ್ದು ಅದಲ್ಲ. ಆದರೆ ಒಳಗೆ ಮೇಲಿನ ಹಲಗೆ ತೆಗೆಯದೆ ಕೆಳಗಿನದು ಬರುವ ಹಾಗಿರಲಿಲ್ಲವೋ ಏನೋ. ಅದು ಬಂದ ಮೇಲೆ ಉಳಿದದ್ದು ತಾನಾಗಿ ಬಂತು: ಸಂಸ್ಕಾರದ ಕಾಫಿ, ಕೋಟಿನಲ್ಲಿದ್ದ ಶೀಸೆ, ಮೂರು ಸಲ, ನೆಲಮಾಳಿಗೆಯ ನಲ್ಲಿ, ಎರಡು ಲೀಟರಿನ ಗೆರೆ. ಕಿಂಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಕೈ ನಡುಗುವುದು ಕಾಣದಿರಲಿ ಎಂದು. ಅವಳು ನಗುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದು ಕಾದ. ಅವಳು ಎರಡೂ ಮಾಡಲಿಲ್ಲ.

"ನೋಡಿದಾಗಲೇ ಅಂದುಕೊಂಡೆ, ಬಣ್ಣ ಇಷ್ಟು ತೆಳ್ಳಗಿದೆಯಲ್ಲ ಅಂತ," ಅಂದಳು. "ಮೇಲೆ ಡಾಕ್ಟ್ರಿಗೆ ಫೋನ್ ಮಾಡಿದ್ರೆ ಆ ಹುಡುಗಿ ಖುಷೀಲಿ ಹಾಡ್ತಿದ್ಳು. ನಾನೂ ಸುಮ್ಮನಾದೆ. ತಪ್ಪು ನನ್ನದೂ ಇದೆ."

ಅವಳು ಒಂದು ಹೊಸ ಡಬ್ಬಿ ತೆಗೆದು ಕಿಂಡಿಯ ಮೇಲಿಟ್ಟಳು. ನಾಳೆ ಬೆಳಿಗ್ಗೆಯಿಂದ ನಾಡಿದ್ದು ಬೆಳಿಗ್ಗೆ, ಅರ್ಧ ಲೋಟವಾದರೂ ಸರಿ, ಬಂದಷ್ಟೇ ತನ್ನಿ, ಗೆರೆ ನೋಡಲೇಬೇಡಿ, ಎಂದಳು. ಡಾಕ್ಟರಿಗೆ ತಾನೇ ಹೇಳುತ್ತೇನೆ, ಆದರೆ ಎಡಗಾಲಿನ ವಿಷಯ ಯಾರಿಗೆ ಹೇಳಬೇಕೋ ಅವರಿಗೆ ನೀವೇ ಹೇಳಿಕೊಳ್ಳಿ, ಅದಕ್ಕೆ ನಮ್ಮಲ್ಲಿ ಡಬ್ಬಿ ಇಲ್ಲ, ಅಂದಳು. ಫೋಲ್ಕೆ ನಕ್ಕ. ಡಬ್ಬಿ ಎತ್ತಿಕೊಂಡ.

ನಿಲ್ದಾಣದಲ್ಲಿ ಬಸ್ಸು ಹೋಗಿಬಿಟ್ಟಿತ್ತು. ರುತ್ ಒಬ್ಬಳೇ ನಿಂತಿದ್ದಳು. ಅವನ ಕೈಯಲ್ಲಿನ ಹೊಸ ಡಬ್ಬಿಯನ್ನು ನೋಡಿದಳು, ಮುಖ ನೋಡಿದಳು, ಬೆಂಚಿನ ಮೇಲೆ ಕೂತಳು. ಅವನೂ ಕೂತು ಹೇಳಿದ. ಈ ಸಲ ನೀರಿನಿಂದ ಶುರುಮಾಡಿ ಹಿಂದಕ್ಕೆ ಹೋದ, ಜೇನುಗೂಡಿನವರೆಗೂ. ಅಲ್ಲಿ ಅವಳೂ ಇದ್ದಳಲ್ಲ. ರಸ್ತೆಯಾಚೆ ಒಬ್ಬ ಮನುಷ್ಯ ಏಣಿ ಹಾಕಿ ಬೀದಿದೀಪದ ಗಾಜು ಒರೆಸುತ್ತಿದ್ದ. ಅವಳು ಅವನನ್ನೇ ನೋಡುತ್ತಿದ್ದಳು. ಕೇಕು ತಿಂದ ಖುಷಿ ಅವಳ ಮುಖದಿಂದ ಇಳಿದುಹೋಗುವುದನ್ನು ಫೋಲ್ಕೆ ಪಕ್ಕದಲ್ಲಿ ಕೂತು ನೋಡಿದ. ನೋಡದೆ ಇರುವ ಹಕ್ಕು ತನಗಿಲ್ಲ ಎಂದು ನೋಡಿದ.

"ಡಾಕ್ಟ್ರು ಹುಡುಕ್ತಿದ್ದ ಔಷಧಿ ನಮ್ಮ ನಲ್ಲೀಲೇ ಇತ್ತು ಅನ್ನು," ಅಂದಳು ಕೊನೆಗೆ. ಆಮೇಲೆ ದನಿ ತಗ್ಗಿಸಿ, "ನಂಗೆ ಹೇಳದೆ ಸತ್ತಿದ್ರೆ ಗೋರಿಯಿಂದ ಎಬ್ಬಿಸಿ ಕೇಳ್ತಿದ್ದೆ, ಫೋಲ್ಕೆ."

ಮಾರನೆಯ ದಿನ ಅವನು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಪ್ರತಿ ಸಲವೂ ನೆಲಮಾಳಿಗೆಗೆ ಇಳಿದ, ಹತ್ತಿದ. ಮಧ್ಯಾಹ್ನ ಗುನ್ನೆಲ್‌ಗೆ ಫೋನು ಮಾಡಿದ. ಅವಳು ಮೊದಲು ಏನೂ ಅರ್ಥವಾಗದೆ, ಯಾವ ಎಡಗಾಲು, ಎಂದು ಕೇಳಿದಳು. ಅವನು ಎಲ್ಲ ಹೇಳಿ ಮುಗಿಸಿದ. ಆ ಕೊಟ್ಟಿಗೆಯ ಧೂಳಿಗೇ ಅಪ್ಪನಿಗೆ ಕೆಮ್ಮು ಹತ್ತಿದ್ದು ಎಂದು ಅವಳು ಹೇಳಿದಳು. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಹೇಳಿದ್ದು ಒಳ್ಳೇದಾಯಿತು, ಆದರೆ ಈಗ ಇಡುತ್ತೇನೆ ಎಂದು ಫೋನು ಇಟ್ಟಳು. ಫೋಲ್ಕೆ ಆ ಕೆಮ್ಮನ್ನು ತನ್ನ ಪಾಲಿಗೆ ತೆಗೆದುಕೊಂಡ. ಅದು ಭಾರವಾಗಿತ್ತು, ಆದರೆ ಎಲ್ಲಿ ಇದೆ ಎಂದು ಗೊತ್ತಿರುವ ಭಾರ.

ಮುಂದಿನ ಮಂಗಳವಾರ ಡಾಕ್ಟರ್ ಎಲ್ವಿಂಗ್ ಕಣ್ಣಲ್ಲಿ ಏನೂ ಕುಣಿಯುತ್ತಿರಲಿಲ್ಲ. ದಿನಕ್ಕೆ ಐದು ಗ್ರಾಂ. ಆರರಿಂದ ಐದು. ಮಾತ್ರೆ ನಿಲ್ಲಿಸುವ ಹಾಗಿಲ್ಲ, ಇನ್ನೂ ನಾಲ್ಕು ಸುತ್ತು ನುಂಗಬೇಕು. ನಿಲ್ಲಿಸಿದ್ದಿದ್ದರೆ ಬೇಸಿಗೆ ಮುಗಿಯುವಷ್ಟರಲ್ಲಿ ಮೂತ್ರಪಿಂಡ ಕೈಬಿಡುತ್ತಿತ್ತು, ಎಂದಳು. ಗದರಿಸಬೇಕೋ ಬೇಡವೋ ಎಂದು ಅವಳಿಗೇ ತಿಳಿಯದ ಹಾಗಿತ್ತು. ಎದ್ದು ಹೊರಡುವಾಗ ಮಾತ್ರ, ಕೆಳಗೆ ಮೈ-ಬ್ರಿಟ್ ನಿಮ್ಮನ್ನು ನೋಡಬೇಕಂತೆ, ಹೋಗಿ ಬನ್ನಿ, ಅಂದಳು.

ಮೈ-ಬ್ರಿಟ್ ಈ ಸಲ ಅವರಿಬ್ಬರನ್ನೂ ಕಿಂಡಿಯ ಪಕ್ಕದ ಬಾಗಿಲಿನಿಂದ ಒಳಗೇ ಕರೆದಳು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಬೆರಳಗಲದ ಎರಡು ಪಟ್ಟಿ ಇಟ್ಟಿದ್ದಳು, ತೆಳ್ಳಗೆ, ನೀಲಿ ಗೆರೆ ಹತ್ತಿದವು. ನಿಮ್ಮ ನೆತ್ತರನ್ನು ಇದರ ಮೇಲೆ ಇಟ್ಟು ವಿದ್ಯುತ್ ಹರಿಸಿದರೆ ಅದರಲ್ಲಿರುವುದೆಲ್ಲ ಅದರದರ ಜಾಗಕ್ಕೆ ಓಡುತ್ತದೆ, ಆಮೇಲೆ ಬಣ್ಣ ಹಾಕುತ್ತೇವೆ, ಎಂದು ಹೇಳಿ, ಎಡಗಡೆಯ ಪಟ್ಟಿಯನ್ನು ಮುಂದೆ ಸರಿಸಿದಳು. ಅದು ಹೊಸ ವರ್ಷದ್ದು. ಅದರ ತುದಿಯಲ್ಲಿ ಒಂದು ಗೆರೆ ಇತ್ತು, ಕಡು ನೀಲಿ, ಚೂಪು, ಅಳತೆಪಟ್ಟಿ ಇಟ್ಟು ಎಳೆದ ಹಾಗೆ.

"ನಿಲ್ಲಿಸೋದು ಮರೆತವರು ಇವರೇನಾ?" ಅಂದ ಫೋಲ್ಕೆ.

"ಇವರೇ. ಎಲ್ಲರೂ ಒಂದೇ ಆಕಾರ ಮಾಡೋದ್ರಿಂದ ಎಲ್ಲಾ ಒಂದೇ ಜಾಗಕ್ಕೆ ಬಂದು ನಿಲ್ಲತ್ತೆ. ಅದಕ್ಕೇ ಇಷ್ಟು ಚೂಪು."

ಅವನು ಬಗ್ಗಿ ನೋಡಿದ. ಇಷ್ಟು ದಿನ ತನ್ನೊಳಗಿದ್ದುದನ್ನು ಮೊದಲ ಸಲ ಹೊರಗೆ ನೋಡುತ್ತಿದ್ದ. ಹೆದರಿಕೆಯ ಹಿಂದೆಯೇ ಒಂದು ಹಳೆಯ ಅಭ್ಯಾಸ ಎದ್ದು ಬಂದು, ಆ ಗೆರೆಯ ಅಂಚನ್ನು ಪರೀಕ್ಷಿಸಿತು. ತಪ್ಪು ಹುಡುಕಿತು. ಸಿಗಲಿಲ್ಲ. ಒಳ್ಳೇ ಕೆಲಸ, ಎಂದು ಅವನ ಬಾಯಿ ಹೇಳಿಯೇಬಿಟ್ಟಿತು. ರುತ್ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಮೈ-ಬ್ರಿಟ್ ಬಲಗಡೆಯ ಪಟ್ಟಿಯನ್ನು ಸರಿಸಿದಳು. ಮೊನ್ನೆ ಹೊಸ ಡಬ್ಬಿಯ ಜೊತೆ ತೆಗೆದ ನೆತ್ತರು. ಗೆರೆ ಅಲ್ಲೇ ಇತ್ತು, ಕೊಂಚ ಸಣ್ಣಗಾಗಿ. ಇದನ್ನಲ್ಲ ತೋರಿಸಲು ಕರೆದದ್ದು, ಎಂದು ಅವಳು ಕಿರುಬೆರಳಿನ ಉಗುರನ್ನು ಗೆರೆಯ ಪಕ್ಕದ ಖಾಲಿ ಜಾಗಕ್ಕೆ ತಂದಳು.

ಅಲ್ಲಿ ಏನೂ ಇರಲಿಲ್ಲ. ಅವನು ಕನ್ನಡಕ ಹಾಕಿಕೊಂಡ. ಹೊಸ ವರ್ಷದ ಪಟ್ಟಿಯಲ್ಲಿ ಆ ಜಾಗ ಬೋಳಾಗಿತ್ತು, ಬಿಳುಪಿನ ಬಿಳುಪು. ಇದರಲ್ಲಿ ಬಿಳುಪು ಪೂರ್ತಿ ಬಿಳುಪಾಗಿರಲಿಲ್ಲ. ಗಾಜಿನ ಮೇಲೆ ಉಸಿರು ಬಿಟ್ಟು ಅದು ಆರುತ್ತ ಬಂದ ಹಾಗೆ, ಅಂಚಿಲ್ಲದ, ಆಕಾರವಿಲ್ಲದ ಒಂದು ತೆಳು ನೀಲಿ ಮಬ್ಬು.

"ಇವು ಉಳಿದವು," ಅಂದಳು ಮೈ-ಬ್ರಿಟ್. ನೆಗಡಿಗೊಂದು, ಕೆಮ್ಮಿಗೊಂದು, ಚಿಕ್ಕವರಿದ್ದಾಗ ಬಂದ ದಡಾರಕ್ಕೊಂದು ಪ್ರತಿಕಾಯ ಮಾಡುವ ಸರಿಯಾದ ಕಣಗಳು. ಇಷ್ಟು ದಿನ ಇವರ ಗದ್ದಲದಲ್ಲಿ ಜಾಗ ಸಿಗದೆ ಮೂಲೆ ಹಿಡಿದಿದ್ದವು. ಡಾಕ್ಟರು ಇದನ್ನು ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ ಅನ್ನುತ್ತಾರೆ. ಹೌದು, ಅಷ್ಟಿಲ್ಲ. "ಆದ್ರೆ ನಾನು ಇಪ್ಪತ್ತೆಂಟು ವರ್ಷದಿಂದ ಈ ಪಟ್ಟಿ ನೋಡ್ತಿದೀನಿ. ಹೋದ ತಿಂಗಳು ಇವು ಇರಲಿಲ್ಲ."

"ಎಷ್ಟು ಇರಬಹುದು?"

"ಎಣಿಸಕ್ಕಾಗಲ್ಲ, ಫೋಲ್ಕೆ. ಒಂದೊಂದು ಒಂದೊಂದು ಥರದ್ದು ಮಾಡತ್ತೆ. ಒಂದರ ಹಾಗೆ ಇನ್ನೊಂದಿಲ್ಲ. ಅದಕ್ಕೇ ಮಬ್ಬಾಗಿ ಕಾಣೋದು."

ಫೋಲ್ಕೆ ಮೇಜಿನ ಅಂಚು ಹಿಡಿದು ಇನ್ನೂ ಕೆಳಗೆ ಬಗ್ಗಿದ. ನಲವತ್ತಾರು ವರ್ಷ ಹೀಗೆ ಅಂಚು ಕಲಸಿಹೋದದ್ದೇನಾದರೂ ಕಂಡರೆ ಎತ್ತಿ ಒಲೆಗೆ ಹಾಕುತ್ತಿದ್ದ. ಈಗ ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಹುಡುಕಿದ, ಸಿಗಲಿಲ್ಲ, ಸಿಗದಿರುವುದೇ ಸರಿ ಎಂದು ಮೈ ತುಂಬ ಅನ್ನಿಸಿತು. ರುತ್ ಅವನ ಭುಜದ ಮೇಲಿಂದ ಇಣುಕಿ, ಎಲ್ಲಿ, ನನಗೆ ಏನೂ ಕಾಣುತ್ತಿಲ್ಲವಲ್ಲ, ಅಂದಳು. ಅವನು ತನ್ನ ಕನ್ನಡಕ ತೆಗೆದು, ನಡುಗುವ ಕೈಯಲ್ಲೇ ಅವಳ ಮೂಗಿನ ಮೇಲಿಟ್ಟು, ಕಾದ.

"ಹೂಂ," ಅಂದಳು ರುತ್ ಬಹಳ ಹೊತ್ತಾದ ಮೇಲೆ. "ಇದೆ."